ಮುದ್ದುಕೃಷ್ಣನ ಕಷಾಯ

ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಹಳೇ ವಿಲ್ಲಾದ ಹಿಂಬದಿಯ ಕೋಣೆಯಲ್ಲಿ ಮುದ್ದುಕೃಷ್ಣ ಬಿಯರ್ ಕಾಯಿಸಲು ಹೊರಟದ್ದು ಕುಡಿತದ ಚಟಕ್ಕಲ್ಲ. ಚಟ ಅಂಟಿಸಿಕೊಳ್ಳುವುದಕ್ಕೂ ಮನುಷ್ಯನಲ್ಲಿ ಒಂದು ಶಿಸ್ತು ಬೇಕು, ಅದು ಅವನಲ್ಲಿ ಇರಲಿಲ್ಲ. ಕಾಲೇಜಿನ ದಿನಗಳಲ್ಲಿ ಸಿಗರೇಟು ಕಲಿಯಲು ಹೋಗಿ ಪಂಚೆ ಸುಟ್ಟುಕೊಂಡು ಅಲ್ಲಿಗೇ ಬಿಟ್ಟಿದ್ದ. ಇಸ್ಪೀಟು ಕಲಿಯಲು ಹೋಗಿ, ತನ್ನ ಕೈಯಲ್ಲಿದ್ದ ಎಲೆಗಳನ್ನು ಎದುರಿನವರಿಗೇ ತೋರಿಸಿ ಇದನ್ನು ಹಾಕಲೇ ಎಂದು ಕೇಳಿ ಆ ಕೂಟದಿಂದಲೂ ಹೊರಬಿದ್ದಿದ್ದ. ಅಂಥವನು, ಸಿಕ್ಕಿಬಿದ್ದರೆ ಮೊದಲು ಜೈಲು ಆಮೇಲೆ ವಿಮಾನ ಎಂದು ಎಲ್ಲರಿಗೂ ಗೊತ್ತಿದ್ದ ಊರಿನಲ್ಲಿ ಈ ಸಾಹಸಕ್ಕೆ ಇಳಿದನೆಂದರೆ ಅದಕ್ಕೆ ಕಾರಣ ಅವನ ಹೆಂಡತಿ ಅರುಂಧತಿ. ಅವಳು ಮೈಸೂರಿನಲ್ಲಿದ್ದಳು, ಅವನು ಇಲ್ಲಿದ್ದ. ಕಾರಣ ಅಷ್ಟೇ.

ತೊಂಬತ್ತರ ದಶಕದ ನಡುವಿನ ಮಾತು ಇದು. ಮುದ್ದುಕೃಷ್ಣ ಒಂದು ಕನ್ಸಲ್ಟೆಂಟ್ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ಮುಂದೆಂದೋ ಏಳಲಿರುವ ಬಡಾವಣೆಗಳ ಚರಂಡಿಗಳನ್ನು ಬೆಳಗಿನಿಂದ ಸಂಜೆವರೆಗೆ ಬರೆಯುವುದು ಅವನ ಕೆಲಸ. ಅವನ ದರ್ಜೆಯವರಿಗೆ ಸಂಸಾರ ಕರೆತರುವ ಅನುಕೂಲ ಇರಲಿಲ್ಲ. ಮ್ಯಾನೇಜರನ ಹಿಂದೆ ಅಲೆದೂ ಅಲೆದೂ ಕೊನೆಗೆ ಒಂದು ತಿಂಗಳ ವಿಸಿಟ್ ವೀಸಾ ಸಿಕ್ಕಿತು, ಅದೂ ಬಿಸಿಲಿಗೆ ಹೆದರಿ ಇಲ್ಲಿನವರೇ ಊರು ಬಿಡುವ ಜೂನ್ ತಿಂಗಳಿಗೆ. ಮುದ್ದುಕೃಷ್ಣನಿಗೆ ಜೂನ್ ತಿಂಗಳು ತಂಪಾಗಿ ಕಂಡಿತು.

ಅದೇ ವಾರ ಕಚೇರಿಯ ಇಂಗ್ಲಿಷ್ ಎಂಜಿನಿಯರನೊಬ್ಬ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟ. ಮನೆಯ ಸಾಮಾನನ್ನೆಲ್ಲ ಸಹೋದ್ಯೋಗಿಗಳಿಗೆ ಹಂಚುತ್ತೇನೆ, ಬನ್ನಿ ಎಂದ. ಎಲ್ಲರೂ ಹೋಗಿ ಟಿವಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಹೊತ್ತು ತಂದರು. ಮುದ್ದುಕೃಷ್ಣ ಪಕ್ಕದ ಕಾಂಪೌಂಡಿನ ಬಾಗಿಲು ತಟ್ಟಿ, ಅಲ್ಲಿನವರು ಪ್ರೀತಿಯಿಂದ ಕೊಟ್ಟ ಚಹಾ ಕುಡಿದು, ಆಮೇಲೆ ತಪ್ಪು ಮನೆಯೆಂದು ಅರಿತು ಎಂಜಿನಿಯರನ ಮನೆಗೆ ಬರುವಷ್ಟರಲ್ಲಿ ಉಳಿದಿದ್ದದ್ದು ಮುಚ್ಚಳವಿದ್ದ ಒಂದು ದೊಡ್ಡ ಪ್ಲಾಸ್ಟಿಕ್ ಬಕೆಟ್ಟು, ಒಂದು ರಬ್ಬರ್ ಕೊಳವೆ ಮತ್ತು ಒಣಗಿದ ಹಸಿರು ಹೂಗಳ ಒಂದು ಪೊಟ್ಟಣ. ಹಾಪ್ಸ್ ಅಂತೆ. ಬಿಯರಿಗೆ ಕಹಿ, ಘಮ ಎರಡನ್ನೂ ಕೊಡುವ ಹೂವು ಅದೇ ಅಂತೆ. ಅಂಗಡಿಯಲ್ಲಿ ಸಿಗುವ, ಅಮಲಿಲ್ಲದ ಮಾಲ್ಟ್ ಪಾನೀಯ ತಂದು ಈ ಹೂವು ಹಾಕಿ ಕುದಿಸಿ, ಸಕ್ಕರೆ ಸೇರಿಸಿ, ಆರಿದ ಮೇಲೆ ಬ್ರೆಡ್ಡಿನ ಯೀಸ್ಟ್ ಹಾಕಿಡಬೇಕು ಎಂದು ಎಂಜಿನಿಯರ್ ವಿವರಿಸಿದ. ಮುದ್ದುಕೃಷ್ಣ ಗಂಭೀರವಾಗಿ ತಲೆಯಾಡಿಸಿ, ತಾನು ರಸಾಯನಶಾಸ್ತ್ರದ ಪದವೀಧರ, ಇದೆಲ್ಲ ತನಗೆ ಹೊಸತಲ್ಲ ಎಂದ. ಆ ಪದವಿಗೆ ಅವನು ಎರಡು ಸಲ ಪರೀಕ್ಷೆ ಕಟ್ಟಿದ್ದ ಸಂಗತಿ ಅಲ್ಲಿ ಅಪ್ರಸ್ತುತವಾಗಿತ್ತು.

ಕೋಣೆಗೆ ಬಂದು ಪೊಟ್ಟಣ ಬಿಚ್ಚಿ ಮೂಸಿದಾಗ ಅವನಿಗೆ ಒಂದು ಹಳೆಯ ಸಂಜೆ ನೆನಪಾಯಿತು.

ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಮಹಡಿಮನೆ ಹಿಡಿದಿದ್ದರು. ಕೆಳಗೆ ಮಡಿವಂತ ಮಾಲೀಕರು. ಮೊದಲ ವರ್ಷ ತುಂಬಿದ ಸಂಜೆ ಮುದ್ದುಕೃಷ್ಣ ಧೈರ್ಯ ಮಾಡಿ ಒಂದು ಬಾಟಲಿ ಬಿಯರನ್ನು ತರಕಾರಿ ಚೀಲದಲ್ಲಿ ನುಗ್ಗೇಕಾಯಿ ಜೊತೆ ಸೇರಿಸಿ ತಂದಿದ್ದ. ತಾರಸಿಯಲ್ಲಿ ಕೂತು ಸ್ಟೀಲ್ ಲೋಟಕ್ಕೆ ಹೊಯ್ದುಕೊಂಡಾಗ ಅರುಂಧತಿ ಒಂದು ಗುಟುಕು ಕುಡಿದು, "ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕೋದು ಮರೆತ ಹಾಗಿದೆ ರೀ" ಎಂದು ಮುಖ ಕಿವುಚಿದಳು. ಹಾಗೆಂದವಳೇ ಅರ್ಧ ಬಾಟಲಿಗಿಂತ ಹೆಚ್ಚು ತಾನೇ ಕುಡಿದಳು. ಆಮೇಲೆ ಕೆಳಗಿನಿಂದ ಮಾಲೀಕರ ಪೂಜೆಯ ಗಂಟೆಯ ಸದ್ದು ಕೇಳಿದ್ದಕ್ಕೆ, ಆಕಾಶದಲ್ಲಿ ಚಂದ್ರ ಇದ್ದದ್ದಕ್ಕೆ, ಗಂಡನ ಮೂಗಿಗೆ ನೊರೆ ಮೆತ್ತಿದ್ದಕ್ಕೆ, ಎಲ್ಲಕ್ಕೂ ನಕ್ಕಳು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಅದಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ಅವನು ಕಾಣಲಿಲ್ಲ. ವರ್ಷಗಳು ಹೋದವು, ಮಕ್ಕಳಾಗಲಿಲ್ಲ, ಅವನು ಕತಾರಿಗೆ ಬಂದ, ಅವಳು ಮೈಸೂರಿನಲ್ಲಿ ಅತ್ತೆಯ ಜೊತೆ ಉಳಿದಳು. ಫೋನಿನಲ್ಲಿ ಅವಳು ಆಡುತ್ತಿದ್ದ ಮಾತು ಒಂದೇ, "ಚೆನ್ನಾಗಿದೀನಿ."

ಅವಳು ಬಂದ ಸಂಜೆ ತಾನೇ ಕೈಯಾರೆ ಮಾಡಿದ ಬಿಯರನ್ನು ಅವಳ ಮುಂದಿಡಬೇಕು, ಅವಳು ಮತ್ತೆ ಹಾಗೆ ನಗಬೇಕು. ಮುದ್ದುಕೃಷ್ಣನ ಯೋಜನೆ ಇಷ್ಟೇ. ಸಂತೋಷ ತಡೆಯಲಾರದೆ ಬೂತಿಗೆ ಓಡಿ, ಫೋನ್ ಕಾರ್ಡ್ ತುರುಕಿ ಮೈಸೂರಿಗೆ ಫೋನ್ ಮಾಡಿದ.

"ಅರು, ನೀನು ಬರೋ ಹೊತ್ತಿಗೆ ನಾನೊಂದು ಮಾಡಿಟ್ಟಿರ್ತೀನಿ."

"ಏನು?"

ಅಮ್ಮ ಪಕ್ಕದಲ್ಲೇ ನಿಂತಿರುತ್ತಾಳೆಂದು ಅವನಿಗೆ ನೆನಪಾಯಿತು. "ಅದೇ, ಕಹಿಯಾಗಿರತ್ತಲ್ಲ. ನಿನಗೋಸ್ಕರಾನೇ ಮಾಡೋದು."

ಅರುಂಧತಿ, "ಕಷಾಯಾನಾ?" ಎಂದಳು.

ಎಂಥ ಚುರುಕಿನ ಹೆಂಡತಿ, ಅತ್ತೆಯ ಎದುರಿಗೇ ಗುಟ್ಟಿನ ಹೆಸರು ಕಟ್ಟಿಬಿಟ್ಟಳಲ್ಲ ಎಂದು ಮುದ್ದುಕೃಷ್ಣ ಹಿಗ್ಗಿಹೋದ. "ಹೂಂ, ಕಷಾಯ, ಕಷಾಯ" ಎಂದ.

"ಆಗಲಿ" ಎಂದು ಅವಳು ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ನಾಚಿಕೊಂಡಳು ಎಂದುಕೊಂಡ.

ಅವನ ಕೋಣೆಯ ಸಂಗಾತಿ ಬೊನವೆಂಚರ್, ಮಂಗಳೂರಿನವನು, ಒಂದು ಗೋದಾಮಿನ ಸ್ಟೋರ್‌ಕೀಪರ್. ಬಕೆಟ್ಟು ನೋಡಿ ಅವನು ಮೊದಲು ಶಿಲುಬೆ ಗುರುತು ಹಾಕಿಕೊಂಡ. ಆಮೇಲೆ ಕೂತು ಯೋಚಿಸಿ, ಇದರಲ್ಲಿ ತನ್ನ ಸಲಹೆ ಇಲ್ಲದಿದ್ದರೆ ಕೆಲಸ ಕೆಟ್ಟೀತು ಎಂದು ತೀರ್ಮಾನಿಸಿದ.

"ನಮ್ಮ ಅಮ್ಮ ಕ್ರಿಸ್ಮಸಿಗೆ ದ್ರಾಕ್ಷಿ ವೈನ್ ಮಾಡುದು ನಾನು ಚಿಕ್ಕಂದಿನಿಂದ ನೋಡಿದ್ದೇನೆ ಮಾರಾಯ. ಎಲ್ಲ ಒಂದೇ. ಸಕ್ಕರೆಗೆ ಮಾತ್ರ ಕಂಜೂಸಿ ಮಾಡಬಾರದು."

ಹೀಗೆ ಒಬ್ಬ ರಸಾಯನಶಾಸ್ತ್ರಜ್ಞ, ಒಬ್ಬ ಅನುಭವಿ, ಇಬ್ಬರೂ ಸೇರಿ ಶುಕ್ರವಾರ ಮಧ್ಯಾಹ್ನ ಬಿರಿಯಾನಿಯ ಹಂಡೆಯಲ್ಲಿ ಮಾಲ್ಟ್ ಪಾನೀಯ ಸುರಿದು ಹೂವು ಕುದಿಸಿದರು. ಕಿಟಕಿ ಮುಚ್ಚಿದರೆ ವಾಸನೆ ಹೊರಗೆ ಹೋಗುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಆ ವಿಲ್ಲಾವನ್ನು ನಡುನಡುವೆ ಪ್ಲೈವುಡ್ ಹೊಡೆದು ಆರು ಮನೆ ಮಾಡಿದ್ದರು. ಒಬ್ಬರ ಮನೆಯಲ್ಲಿ ಈರುಳ್ಳಿ ಹೆಚ್ಚಿದರೆ ಮತ್ತೊಬ್ಬರ ಮನೆಯಲ್ಲಿ ಕಣ್ಣೀರು ಬರುತ್ತಿತ್ತು. ಹಾಪ್ಸಿನ ಕಹಿ ಘಾಟು ಪ್ಲೈವುಡ್ಡಿನ ಸಂದುಗಳಿಂದ ಇಡೀ ವಿಲ್ಲಾ ಸುತ್ತಿ ಬಂತು. ಅದರ ಹಿಂದೆಯೇ ಪಕ್ಕದ ಮನೆಯ ಆಯಿಷಮ್ಮ ಬಂದರು.

ಆಯಿಷಮ್ಮ ಬಂಟ್ವಾಳದ ಕಡೆಯವರು. ಅವರ ಗಂಡನಿಗೆ ಬಟ್ಟೆ ಅಂಗಡಿ. ವಿಲ್ಲಾದ ಆರೂ ಮನೆಯ ಸುಖದುಃಖ ಅವರ ಉಸ್ತುವಾರಿಯಲ್ಲಿತ್ತು.

"ಎಂತ ಕೃಷ್ಣಣ್ಣ, ಎಂತದು ಕುದಿಸುದು? ಬೇವಾ?"

"ಕಷಾಯ" ಎಂದ ಮುದ್ದುಕೃಷ್ಣ, ಹೆಂಡತಿ ಕೊಟ್ಟ ಗುಟ್ಟಿನ ಹೆಸರು ಸಮಯಕ್ಕೆ ಒದಗಿದ್ದಕ್ಕೆ ಹೆಮ್ಮೆಪಡುತ್ತ.

"ನಿಮಗೆ ಹುಷಾರಿಲ್ವಾ?"

"ನನಗಲ್ಲ. ನನ್ನ ಹೆಂಡತಿಗೆ. ಬರ್ತಿದಾಳಲ್ಲ."

ಆಯಿಷಮ್ಮ ಹಂಡೆಯೊಳಗೆ ತೇಲುತ್ತಿದ್ದ ಹಸಿರು ಹೂಗಳನ್ನು ನೋಡಿದರು, ಅವನ ಮುಖ ನೋಡಿದರು. "ಮದುವೆ ಆಗಿ ಎಷ್ಟು ವರ್ಷ ಆಯ್ತು ನಿಮಗೆ?"

"ಎಂಟಾಯ್ತು."

ಆಯಿಷಮ್ಮನ ದನಿ ಒಮ್ಮೆಗೇ ಮೆತ್ತಗಾಯಿತು. "ಗೊತ್ತಾಯ್ತು ಬಿಡಿ. ಇದರಲ್ಲಿ ನಾಚುದು ಎಂತ ಉಂಟು. ಗಂಡಸರು ಯಾರು ಇಷ್ಟು ಮಾಡ್ತಾರೆ? ನಾನು ಯಾರಿಗೂ ಹೇಳುದಿಲ್ಲ."

ಮುದ್ದುಕೃಷ್ಣನಿಗೆ ಏನು ಗೊತ್ತಾಯಿತೆಂದು ಗೊತ್ತಾಗಲಿಲ್ಲ. ಮಾರನೆಯ ದಿನದಿಂದ ಗೊತ್ತಾಗತೊಡಗಿತು. ಮುಂಬದಿ ಮನೆಯ ಮಲಯಾಳಿ ಫೋರ್‌ಮನ್, ಯಾವತ್ತೂ ಪಾರ್ಕಿಂಗಿಗೆ ಜಗಳವಾಡುತ್ತಿದ್ದವನು, ಅವನ ಹೆಗಲ ಮೇಲೆ ಕೈಯಿಟ್ಟು ದೇವರಿದ್ದಾನೆ ಎಂದ. ಆಯಿಷಮ್ಮ ದಿನಾ ಒಂದು ತಟ್ಟೆ ಅಕ್ಕಿಹಿಟ್ಟಿನ ಪತ್ತಿರ್ ರೊಟ್ಟಿ ಕಳಿಸಿದರು, ಬರುವವಳಿಗೆ ಶಕ್ತಿ ಬೇಕು, ನಿಮಗೂ ಬೇಕು ಎಂದು. ಕೊನೆಗೆ ಬೊನವೆಂಚರನೇ ಬಿಡಿಸಿ ಹೇಳಿದ.

"ನೀನು ಮಕ್ಕಳಾಗುವ ಮದ್ದು ಕಾಯಿಸ್ತಾ ಇದ್ದಿ ಅಂತ ಇಡೀ ವಿಲ್ಲಾ ಮಾತಾಡ್ತದೆ. ಸುಮ್ಮನಿರು. ಬಿಯರ್ ಅಂತ ಗೊತ್ತಾಗುದಕ್ಕಿಂತ ಇದು ಒಳ್ಳೇದು."

ಒಳ್ಳೆಯದೇ ಹೌದು. ಆದರೂ ಆ ದಿನ ಮುದ್ದುಕೃಷ್ಣ ಪತ್ತಿರ್ ತಟ್ಟೆಯನ್ನು ಬೊನವೆಂಚರನ ಕಡೆಗೆ ಸರಿಸಿದ. ಎಂಟು ವರ್ಷದಲ್ಲಿ ಆ ವಿಷಯವನ್ನು ಅವನೂ ಅರುಂಧತಿಯೂ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಈಗ ನೋಡಿದರೆ ಪಾರ್ಕಿಂಗಿನಲ್ಲಿ ನಿಂತ ಫೋರ್‌ಮನ್ ಆಡುತ್ತಿದ್ದ.

ನೀರಿನ ಟ್ಯಾಂಕು ನೋಡುವ ನೆಪದಲ್ಲಿ ಒಂದು ಸಂಜೆ ವಿಲ್ಲಾದ ಮಾಲೀಕರು ಬಂದರು. ಮೊಹಮ್ಮದ್ ಎಂದು ಹೆಸರು, ಎಲ್ಲರೂ ಬಾಬಾ ಎನ್ನುತ್ತಿದ್ದರು. ಹರೆಯದಲ್ಲಿ ತಂದೆಯ ಜೊತೆ ವ್ಯಾಪಾರಕ್ಕೆಂದು ಮುಂಬಯಿಗೆ ಓಡಾಡಿದ್ದ ಮುದುಕರು, ಅಲ್ಲಿ ಕಲಿತ ಹಿಂದಿಯಲ್ಲಿ ಬಾಡಿಗೆದಾರರ ಜೊತೆ ಮಾತಾಡುತ್ತಿದ್ದರು. ಅವರು ಟ್ಯಾಂಕಿನ ಕಡೆ ತಿರುಗಿಯೂ ನೋಡದೆ ನೇರ ಕೋಣೆಗೆ ಬಂದು ಮಂಚದ ಮೇಲೆ ಕೂತರು.

"ಮುದೂ, ದವಾ ಕಿಧರ್?"

ಮದ್ದಿನ ಸುದ್ದಿ ಬಾಬಾನ ಕಿವಿಗೂ ಬಿದ್ದಿತ್ತು. ದವಾ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿತ್ತು. ಯೀಸ್ಟ್ ಹಾಕಿ ನಾಲ್ಕೈದು ದಿನವಾಗಿದ್ದರಿಂದ ಬಕೆಟ್ಟಿನ ಒಳಗಿನಿಂದ ಗುಳುಗುಳು ಸದ್ದು ಬರುತ್ತಿತ್ತು. ಬಾಬಾ ಕಂಬಳಿಯ ತುದಿ ಎತ್ತಿ ಕಿವಿಗೊಟ್ಟು, "ಮಾಶಾ ಅಲ್ಲಾ, ಜೀವ ಉಂಟು ಇದರಲ್ಲಿ" ಎಂಬರ್ಥದ ಮಾತಾಡಿದರು. ಬೊನವೆಂಚರ್ ಗೋಡೆಗೆ ಒರಗಿ ಕಣ್ಣುಮುಚ್ಚಿದ.

ಬಾಬಾನ ಮಗನ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಸೊಸೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಳು. ಹೆಂಗಸರು ಕೂಡಿದಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ ಎಂದು ಕೋಣೆಯಲ್ಲೇ ಇರುತ್ತಾಳೆ ಎಂದು ಬಾಬಾ ಹೇಳಿದರು. ಹೇಳಿ, ಕೈಯಲ್ಲಿದ್ದ ಜಪಮಣಿಯನ್ನು ಸುಮ್ಮನೆ ಎಣಿಸುತ್ತ ಕೂತರು. "ಒಂದು ಬಾಟಲಿ ಕೊಡು, ಸಾಕು."

ಮುದ್ದುಕೃಷ್ಣನ ಕಣ್ಣ ಮುಂದೆ ಎಲ್ಲವೂ ಸಾಲಾಗಿ ಬಂತು. ಒಂದು ದೈವಭಕ್ತ ಮನೆಯ ಸೊಸೆ ಲೋಟ ಎತ್ತುತ್ತಾಳೆ, ಆಮೇಲೆ ಪೊಲೀಸು, ಆಮೇಲೆ ಅರುಂಧತಿ ಇಳಿಯುವ ವಿಮಾನಕ್ಕೇ ಅವನನ್ನು ಹತ್ತಿಸುತ್ತಾರೆ. "ಬಾಬಾ, ಮಾಫಿ ರೆಡಿ, ಇನ್ನೂ ಆಗಿಲ್ಲ" ಎಂದು ತೊದಲಿದ. "ಮೊದಲು ನನ್ನ ಹೆಂಡತಿ ಕುಡಿಯಬೇಕು. ಅದು ನಿಯಮ."

ನಿಯಮ ಎಂದದ್ದು ಬಾಬಾಗೆ ಬಹಳ ಹಿಡಿಸಿತು. "ಸರಿಯೇ. ಅವಳು ಬರುವ ದಿನ ನಾನೇ ಕಾರು ತರುತ್ತೇನೆ. ಅವಳು ಕುಡಿದ ಮೇಲೆ ನಾನು ಒಂದು ಬಾಟಲಿ ಒಯ್ಯುತ್ತೇನೆ. ಖಲಾಸ್."

ಅವರು ಹೋದ ಮೇಲೆ ಇಬ್ಬರೂ ಬಹಳ ಹೊತ್ತು ಬಕೆಟ್ಟನ್ನು ನೋಡುತ್ತ ಕೂತರು. ಚೆಲ್ಲಿಬಿಡು ಎಂದ ಬೊನವೆಂಚರ್. ಚೆಲ್ಲಲು ಮುದ್ದುಕೃಷ್ಣನ ಕೈ ಬರಲಿಲ್ಲ. ಬಾಬಾಗೆ ಬೇರೆ ಬಾಟಲಿಯಲ್ಲಿ ಶುದ್ಧ ಜೀರಿಗೆ ಕಷಾಯ ತುಂಬಿ ಕೊಡೋಣ, ಇದನ್ನು ಶರಬತ್ತಿನ ಗಾಜಿನ ಬಾಟಲಿಗಳಲ್ಲಿ ತುಂಬಿ ಕಪಾಟಿನಲ್ಲಿಡೋಣ ಎಂದು ತೀರ್ಮಾನವಾಯಿತು. ತುಂಬಿದ ದಿನ ನೊರೆ ಬರಲೆಂದು ಮುದ್ದುಕೃಷ್ಣ ಪ್ರತಿ ಬಾಟಲಿಗೂ ಒಂದು ಚಮಚ ಸಕ್ಕರೆ ಹಾಕಿಟ್ಟು ಮುಚ್ಚಳ ತರಲು ಹೋದ. ಆ ಹೊತ್ತಿಗೆ ಒಳಬಂದ ಬೊನವೆಂಚರ್, ಗೆಳೆಯ ಸಕ್ಕರೆ ಮರೆತನೆಂದು ತಿಳಿದು ತಾನೂ ಎರಡೆರಡು ಚಮಚ ಹಾಕಿದ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಇಬ್ಬರೂ ಉಪಕಾರ ಮಾಡಿ ಹೇಳಿಕೊಳ್ಳುವ ಜಾತಿಯವರಲ್ಲ.

ಅರುಂಧತಿ ಬಂದಳು. ಮುದ್ದುಕೃಷ್ಣ ಹೊಸ ಅಂಗಿ ತೊಟ್ಟು, ಬೊನವೆಂಚರನನ್ನೂ ಕರೆದುಕೊಂಡು, ಹೊರಡುವ ಗಡಿಬಿಡಿಯಲ್ಲಿ ಕೋಣೆಯ ಏಸಿ ಆರಿಸಿ ವಿಮಾನ ನಿಲ್ದಾಣಕ್ಕೆ ಹೋಗಿದ್ದ. ಅವಳು ತಳ್ಳುಗಾಡಿ ನೂಕಿಕೊಂಡು ಹೊರಬಂದಾಗ ಅವನಿಗೆ ಕಂಡದ್ದು ಸೊರಗಿದ ಕೈಗಳು. ಏನು ಹೇಳಬೇಕೆಂದು ತಿಂಗಳಿಂದ ಬಾಯಿಪಾಠ ಮಾಡಿದ್ದೆಲ್ಲ ಮರೆತು, "ತಿಂಡಿ ಕೊಟ್ರಾ ವಿಮಾನದಲ್ಲಿ?" ಎಂದ.

"ಕೊಟ್ರು" ಎಂದಳು.

ಲ್ಯಾಂಡ್ ಕ್ರೂಸರ್ ನಡೆಸುತ್ತ ಬಾಬಾ ಹಿಂದೆ ತಿರುಗಿ, "ಬೇಟಿ, ನಿನ್ನ ದವಾ ತಯಾರಿದೆ" ಎಂದರು. ಅರುಂಧತಿಯ ಮುಖ ಕಪ್ಪಿಟ್ಟಿತು. ಮುದ್ದುಕೃಷ್ಣ ಅದು ಪಯಣದ ಸುಸ್ತೆಂದು ತಿಳಿದು ಅವಳಿಗೆ ಪೆಪ್ಪರ್‌ಮಿಂಟ್ ಕೊಟ್ಟ.

ಗೇಟಿನಲ್ಲಿ ಆಯಿಷಮ್ಮ ಕಾದಿದ್ದರು. ಎಲ್ಲರೂ ಅವಳ ಹಿಂದೆಯೇ ಕೋಣೆಗೆ ನುಗ್ಗಿದರು. ಮುಚ್ಚಿದ್ದ ಕೋಣೆ ಒಲೆಯಂತೆ ಕಾದಿತ್ತು. ಬೊನವೆಂಚರ್ ಕಪಾಟಿಗೆ ಅಡ್ಡಲಾಗಿ ಗೋಲ್‌ಕೀಪರನಂತೆ ನಿಂತ. ಬಾಬಾ ಮಂಚದ ಮೇಲೆ ಕೂತು, "ಯಲ್ಲಾ, ಬೇಗ, ಮೊದಲು ಅವಳಿಗೆ ಕೊಡು" ಎಂದರು.

"ಸ್ವಲ್ಪ ಸುಧಾರಿಸಿಕೊಳ್ಳಲಿ, ಆಮೇಲೆ" ಎಂದು ಮುದ್ದುಕೃಷ್ಣ ಶುರು ಮಾಡಿದ.

ಅರುಂಧತಿ ಅವನ ಮುಖ ನೋಡದೆ ಕೈ ಚಾಚಿದಳು. "ಕೊಡಿ, ಕುಡೀತೀನಿ. ಅಭ್ಯಾಸ ಆಗಿದೆ."

"ಏನಭ್ಯಾಸ?"

"ಕಷಾಯ. ಅತ್ತೆ ದಿನಾ ಬೆಳಿಗ್ಗೆ ಮಾಡಿಕೊಡ್ತಾರೆ. ನಾನು ಮುಗಿಸೋವರೆಗೂ ಎದುರಿಗೇ ನಿಂತಿರ್ತಾರೆ. ಈಗ ನೀವೂ ಶುರು ಮಾಡಿದೀರಿ ಅಂತ ಫೋನಲ್ಲಿ ಹೇಳಿದ್ರಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ಇಲ್ಲಿಗೆ ಬಂದ್ರೆ ಒಂದು ತಿಂಗಳು ಅದಿರಲ್ಲ ಅಂತ ಅಂದುಕೊಂಡಿದ್ದೆ."

ಮುದ್ದುಕೃಷ್ಣ ಬಾಯಿ ತೆರೆದ. ಆ ಬಾಯಿಂದ ಏನು ಬರುತ್ತಿತ್ತೋ ತಿಳಿಯದು, ಅಷ್ಟರಲ್ಲಿ ಕಪಾಟಿನೊಳಗೆ ಢಮ್ ಎಂದು ಸದ್ದಾಯಿತು. ಬೊನವೆಂಚರ್ ಒಂದು ಗಜ ಮುಂದಕ್ಕೆ ಹಾರಿದ. ಇನ್ನೊಂದು ಢಮ್. ಆಯಿಷಮ್ಮ ಸೆರಗೆಳೆದು ಮೂರು ಸಲ ದೇವರನ್ನು ಕರೆದರು. ಮೂರನೆಯದಕ್ಕೆ ಕಪಾಟಿನ ಬಾಗಿಲು ತಾನಾಗಿ ತೆರೆದು, ಮುದ್ದುಕೃಷ್ಣನ ಇಸ್ತ್ರಿ ಮಾಡಿದ ಅಂಗಿಗಳ ನಡುವಿನಿಂದ ಬಿಳಿ ನೊರೆ ಉಕ್ಕಿ ನೆಲಕ್ಕೆ ಹರಿಯಿತು. ಕೋಣೆಯ ತುಂಬ ವಾಸನೆ ಎದ್ದಿತು.

ಅರುಂಧತಿ ಒಮ್ಮೆ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಗಂಡನ ಕಡೆ ತಿರುಗಿ, "ರೀ, ಇದು..." ಎಂದಳು. ಅವನು ಶಾಲೆಯ ಹುಡುಗನಂತೆ ತಲೆಯಾಡಿಸಿದ. ಅವಳು ಕಪಾಟು ನೋಡಿದಳು, ನೊರೆ ನೋಡಿದಳು, ಜಪಮಣಿ ಹಿಡಿದು ಕೂತ ಬಾಬಾನನ್ನು ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡಳು. ಆದರೂ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರಾಗಿ ಇಳಿಯಿತು. ನಗುತ್ತ ನಗುತ್ತ ಗೋಡೆಗೆ ಒರಗಿ ಕೆಳಗೆ ಕುಸಿದು ಕೂತಳು.

ಬಾಬಾ ಕೂಡ ಮೂಗರಳಿಸಿದ್ದರು. ಅವರು ಮುಂಬಯಿ ಕಂಡವರು. ಮುದ್ದುಕೃಷ್ಣ ಎರಡು ಕೈಯನ್ನೂ ಕಟ್ಟಿಕೊಂಡು, ಬೇಡಿ ತೊಡಿಸಲು ಅನುಕೂಲವಾಗುವಂತೆ ನಿಂತ.

"ಕಷಾಯ ಹಾಳಾಯ್ತಾ ಬಾಬಾ?" ಎಂದು ಆಯಿಷಮ್ಮ ಕೇಳಿದರು.

ಬಾಬಾ ಗೋಡೆಗೆ ಒರಗಿದ್ದವಳನ್ನು ನೋಡಿದರು. "ಹಾಳಾಗಿದೆ" ಎಂದರು. "ಪೂರ್ತಿ ಹಾಳಾಗಿದೆ. ಮುದೂ, ಎಲ್ಲ ಚೆಲ್ಲು. ನಾನಿರುವಾಗಲೇ."

ಮುದ್ದುಕೃಷ್ಣ ಒಂದೊಂದು ಬಾಟಲಿಗೂ ಟವೆಲ್ ಸುತ್ತಿ, ಮಗುವಿನಂತೆ ಎತ್ತಿಕೊಂಡು ಬಚ್ಚಲಿಗೆ ಒಯ್ದು ಸುರಿದ. ಅಲ್ಲಿಂದಲೇ ಅವನಿಗೆ ಬಾಬಾ ಅರುಂಧತಿಯನ್ನು ಕೇಳುವುದು ಕೇಳಿಸಿತು, ಇದು ಹೋಗಲಿ, ನಿಮ್ಮ ದೇಶದಲ್ಲಿ ಬೇರೆ ನಿಜವಾದ ಔಷಧಿ ಏನಾದರೂ ಉಂಟೇ, ನನ್ನ ಸೊಸೆಗೆ ಎಂದು.

ಅರುಂಧತಿ ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು. "ಬಾಬಾ, ನಾನು ಕುಡಿಯದ ಔಷಧಿ ಇಲ್ಲ. ಅವಳಿಗೆ ಏನೂ ಕುಡಿಸಬೇಡಿ. ಕುಡಿದು ಮುಗಿಸೋವರೆಗೂ ಎದುರಿಗೆ ಯಾರಾದ್ರೂ ನಿಂತಿರ್ತಾರಲ್ಲ, ಅದು ಔಷಧಿಗಿಂತ ಕಹಿ." ಆಮೇಲೆ, "ನಾನಿರೋವರೆಗೂ ಅವಳನ್ನ ಇಲ್ಲಿಗೆ ಕಳಿಸಿ. ನಾವ್ಯಾರೂ ಏನೂ ಕೇಳಲ್ಲ" ಎಂದಳು.

ಕೈಯಲ್ಲಿದ್ದ ಬಾಟಲಿ ಖಾಲಿಯಾಗಿ ಬಹಳ ಹೊತ್ತಾದರೂ ಮುದ್ದುಕೃಷ್ಣ ಅದನ್ನು ಬಗ್ಗಿಸಿ ಹಿಡಿದೇ ನಿಂತಿದ್ದ.

ಎಲ್ಲರೂ ಹೋದ ಮೇಲೆ, ಬೊನವೆಂಚರ್ ತನ್ನ ಹಾಸಿಗೆ ಸುತ್ತಿಕೊಂಡು ಫೋರ್‌ಮನ್ನನ ಮನೆಗೆ ಹೊರಟ ಮೇಲೆ, ಗಂಡ ಹೆಂಡತಿ ಗಾಜು ಬಳಿದು ನೆಲ ಒರೆಸಿದರು. ಕೊನೆಯ ಬಾಟಲಿಯ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅರುಂಧತಿ ಅರ್ಧ ಕುಡಿದು ಅವನಿಗೆ ಕೊಟ್ಟಳು.

"ಹೂವಿನ ಅಂಗಡೀಲಿ ಸೀಮೆಎಣ್ಣೆ ಚೆಲ್ಲಿದ ಹಾಗಿದೆ ರೀ."

"ಚೆನ್ನಾಗಿಲ್ವಾ?"

"ಇಲ್ಲ" ಎಂದಳು. ಆಮೇಲೆ, "ದಿನಾ ಕುಡೀತಿದ್ದೆ ಅಂತ ನಿಮಗೆ ಗೊತ್ತಿರಲಿಲ್ವಾ?" ಎಂದು ಕೇಳಿದಳು.

"ಗೊತ್ತಿರಲಿಲ್ಲ. ನೀನು ಚೆನ್ನಾಗಿದೀನಿ ಅಂತಿದ್ದೆ."

ಆ ತಿಂಗಳು ಬಾಬಾನ ಸೊಸೆ ವಾರಕ್ಕೆರಡು ಸಲ ಬರುತ್ತಿದ್ದಳು. ಅರುಂಧತಿಗೆ ಅರಬಿ ಬಾರದು, ಅವಳಿಗೆ ಕನ್ನಡ ಬಾರದು, ಇಬ್ಬರ ನಡುವೆ ಆಯಿಷಮ್ಮ ಕೂತು ತಮಗೆ ತೋಚಿದ್ದನ್ನು ಎರಡೂ ಕಡೆಗೆ ಹೇಳುತ್ತಿದ್ದರು. ಕಚೇರಿಯಿಂದ ಬಂದಾಗ ಮುದ್ದುಕೃಷ್ಣನಿಗೆ ಗೇಟಿನಿಂದಲೇ ಮೂವರ ದನಿ ಕೇಳುತ್ತಿತ್ತು. ಅವನು ಒಳಗೆ ಹೋಗದೆ ಬಿಸಿಲಲ್ಲೇ ನಿಂತು ಕೇಳುತ್ತಿದ್ದ.

ತಿಂಗಳು ಮುಗಿಯಿತು. ಮ್ಯಾನೇಜರನ ಮುಂದೆ ಹೋಗಿ ವೀಸಾ ಮುಂದುವರಿಸಿಕೊಡಿ ಎಂದು ಬೇಡಿದ್ದೂ ಆಯಿತು, ಆಗುವುದಿಲ್ಲ ಎನ್ನಿಸಿಕೊಂಡದ್ದೂ ಆಯಿತು. ನಿಲ್ದಾಣದಲ್ಲಿ ಅರುಂಧತಿ ಪಾಸ್‌ಪೋರ್ಟನ್ನು ಎದೆಗೆ ಒತ್ತಿ ಹಿಡಿದು, "ಅತ್ತೆ ಕೇಳ್ತಾರೆ, ಕಷಾಯ ಏನಾಯ್ತು ಅಂತ. ಏನು ಹೇಳಲಿ?" ಎಂದಳು.

"ನೀನೇನೂ ಹೇಳಬೇಡ. ನಾನು ಹೇಳ್ತೀನಿ."

ಅವಳು ಅವನನ್ನು ಅಪನಂಬಿಕೆಯಿಂದ ನೋಡಿದಳು. ಆಮೇಲೆ ಸಾಲಿನಲ್ಲಿ ಮುಂದೆ ಹೋದಳು.

ಮುದ್ದುಕೃಷ್ಣ ನೇರ ಬೂತಿಗೆ ಬಂದ. ಬೊನವೆಂಚರ್ ಹೊರಗೆ ನಿಂತ. ಹುಟ್ಟಿದಾಗಿನಿಂದ ಅಮ್ಮನಿಗೆ ಹೂಂ ಎಂದದ್ದು ಬಿಟ್ಟರೆ ಬೇರೆ ಮಾತಾಡದವನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಅಮ್ಮಾ, ನಾಳೆಯಿಂದ ಅರುಗೆ ಕಷಾಯ ಕೊಡಬೇಡ."

"ಯಾಕೋ? ಯಾರು ಹೇಳಿದ್ದು, ಡಾಕ್ಟರಾ?"

"ನಾನು ಹೇಳಿದ್ದು."

ಹಿನ್ನೆಲೆಯಲ್ಲಿ ಮೈಸೂರಿನ ಮನೆಯ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಕೊನೆಗೆ ಅಮ್ಮ, "ಊಟ ಆಯ್ತಾ?" ಎಂದಳು.

"ಆಯ್ತಮ್ಮ" ಎಂದ. ಆಗಿರಲಿಲ್ಲ.

ಹೊರಗೆ ಬಂದಾಗ ಅವನ ಅಂಗಿ ಬೆವರಿಗೆ ಮೈಗಂಟಿತ್ತು. ಮನೆಗಳ ನೆತ್ತಿಯ ಮೇಲೆ ಒಂದು ವಿಮಾನ ಕೆಳಮಟ್ಟದಲ್ಲಿ ಸದ್ದು ಮಾಡುತ್ತ ಹಾದುಹೋಯಿತು. ಮುದ್ದುಕೃಷ್ಣ ಎರಡು ಕೈಯನ್ನೂ ಎತ್ತಿ ಬೀಸಿದ. ಅದು ಕಟ್ಟಡಗಳ ಹಿಂದೆ ಮರೆಯಾಗುವವರೆಗೂ ಬೀಸಿದ.

ಬೊನವೆಂಚರ್ ಅದು ನಿಲ್ಲಲೆಂದು ಕಾದು, ಆಮೇಲೆ ಮೆಲ್ಲಗೆ ಹೇಳಿದ. "ಅದು ಹೋಗುವ ವಿಮಾನ ಅಲ್ಲ ಮಾರಾಯ. ಇಳಿಯುದು. ಈಗ ಬರ್ತಾ ಉಂಟಷ್ಟೆ."

ಮುದ್ದುಕೃಷ್ಣ ಕೈ ಇಳಿಸಲಿಲ್ಲ. "ಬರೋದಾ?" ಎಂದ. "ಇರಲಿ ಬಿಡು. ಅದರಲ್ಲೂ ಯಾರದೋ ಹೆಂಡತಿ ಇರ್ತಾಳೆ."